ಕಾಲೇಜ್ ಫುಟ್ಬಾಲ್ 26: ಸಣ್ಣ ಟೀಮ್ ಹಿಡಿದು ಆಡಿದರೆ ಕಾಣುವ ಗೇಮ್

ಮೊದಲೇ ಹೇಳಿಬಿಡುತ್ತೇನೆ, ಗೇಮ್ ಚೆನ್ನಾಗಿದೆ. ಇಎ ಸ್ಪೋರ್ಟ್ಸ್‌ನವರ ಕಾಲೇಜ್ ಫುಟ್ಬಾಲ್ 26. ಬಂದಾಗಿನ ಬೆಲೆ 70 ಡಾಲರ್, ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ, ಪಿಸಿಗೆ ಇಲ್ಲ. 2025ರ ಜುಲೈನಲ್ಲಿ ಬಂದಿದ್ದು. ಫುಟ್ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಅವಚಿಕೊಂಡು ಓಡುವ ಅಮೆರಿಕನ್ ಫುಟ್ಬಾಲ್. ಅದರಲ್ಲೂ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್ ಅಲ್ಲ, ಕಾಲೇಜು ಹುಡುಗರದ್ದು. ಅಮೆರಿಕದಲ್ಲಿ ಒಂದೆರಡು ವರ್ಷ ಇದ್ದವರಿಗೂ ಗೊತ್ತಿರುತ್ತದೆ, ಶನಿವಾರ ಬಂತೆಂದರೆ ಊರೂರೇ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತದಲ್ಲ, ಅದೇ.

ಗ್ರಾಫಿಕ್ಸ್ ಹೇಗಿದೆ, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಎಷ್ಟು ಜೋರಾಗಿ ಎಸೆಯುತ್ತಾನೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಓದಿದ ರಿವ್ಯೂಗಳಲ್ಲಿ ಹೆಚ್ಚಿನವರು ದೊಡ್ಡ ಟೀಮ್‌ಗಳಾದ ಒಹಾಯೋ ಸ್ಟೇಟನ್ನೋ ಅಲಬಾಮಾವನ್ನೋ ಹಿಡಿದು ಆಡಿದ್ದರು. ಈ ಗೇಮ್‌ನಲ್ಲಿ 136 ಟೀಮ್ ಇವೆ. ಅದರಲ್ಲಿ ಅರ್ಧದಷ್ಟು ಟೀಮ್‌ಗಳ ಹೆಸರನ್ನು ಆ ರಾಜ್ಯದ ಆಚೆ ಯಾರೂ ಎತ್ತುವುದಿಲ್ಲ. ನನಗೆ ಅವೇ ಮುಖ್ಯ. ಕಾಲೇಜು ಕ್ರೀಡೆಯಲ್ಲಿ ಈಗ ಹರಿಯುತ್ತಿರುವ ದುಡ್ಡು ಸಣ್ಣ ಟೀಮ್‌ಗಳಿಗೆ, ಹೆಸರಿಲ್ಲದ ಆಟಗಾರರಿಗೆ ಏನು ಮಾಡುತ್ತಿದೆ ಅನ್ನುವುದು ಈ ಗೇಮ್‌ನಲ್ಲಿ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ, ಅದನ್ನು ಹೇಳೋಣ ಅಂತ ಬರೆಯುತ್ತಿದ್ದೇನೆ.

ನಾನು ಹಿಡಿದಿದ್ದು ಕೆಂಟ್ ಸ್ಟೇಟ್. ಒಹಾಯೋದಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹತ್ತಿರದ ಊರು, ನೀಲಿ-ಬಂಗಾರದ ಬಣ್ಣ, ಸುಮಾರು 25 ಸಾವಿರ ಜನ ಹಿಡಿಸುವ ಡಿಕ್ಸ್ ಸ್ಟೇಡಿಯಂ. ಅಲಬಾಮಾದ ದೊಡ್ಡ ಕೋಚ್ ಆಗಿ ಮೆರೆದ ನಿಕ್ ಸೇಬನ್ ಹುಡುಗನಾಗಿದ್ದಾಗ ಆಡಿದ್ದು ಇಲ್ಲೇ. ಎನ್‌ಎಫ್‌ಎಲ್‌ನಲ್ಲಿ ಹೆಸರು ಮಾಡಿದ ಜೂಲಿಯನ್ ಎಡೆಲ್‌ಮನ್ ಕ್ವಾರ್ಟರ್‌ಬ್ಯಾಕ್ ಆಗಿದ್ದಿದ್ದೂ ಇಲ್ಲೇ. ಅದೆಲ್ಲ ಹಳೆಯ ಮಾತು. 2024ರಲ್ಲಿ ಈ ಟೀಮ್ ಆಡಿದ 12 ಪಂದ್ಯಗಳಲ್ಲಿ 12ನ್ನೂ ಸೋತಿತು. ಕೆಂಟ್ ಇರುವುದು ಮಿಡ್-ಅಮೆರಿಕನ್ ಕಾನ್ಫರೆನ್ಸ್‌ನಲ್ಲಿ, ಎಲ್ಲರೂ ಮ್ಯಾಕ್ ಅನ್ನುತ್ತಾರೆ. ಕಾನ್ಫರೆನ್ಸ್ ಅಂದರೆ ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು. ನಾನು ಎಂ.ಎಸ್. ಮಾಡಿದ್ದು ಇದೇ ಮ್ಯಾಕ್‌ನ ಇನ್ನೊಂದು ಯೂನಿವರ್ಸಿಟಿಯಲ್ಲಿ, ಹಾಗಾಗಿ ಈ ಟೀಮ್‌ಗಳ ಮೇಲೆ ನನಗೆ ಅಕ್ಕರೆ ಜಾಸ್ತಿ.

ಡೈನಸ್ಟಿ ಅನ್ನುವ ಮೋಡ್‌ನಲ್ಲಿ ನೀವು ಕೋಚ್. 30 ವರ್ಷದವರೆಗೂ ಒಂದು ಟೀಮನ್ನು ಕಟ್ಟುತ್ತಾ ಹೋಗಬಹುದು. ಪಂದ್ಯಕ್ಕಿಂತ ಇದರ ರಿಕ್ರೂಟಿಂಗ್ ಸ್ಕ್ರೀನ್‌ನಲ್ಲೇ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಹೈಸ್ಕೂಲ್ ಹುಡುಗರ ಉದ್ದನೆಯ ಪಟ್ಟಿ, ಒಂದು ಸ್ಟಾರ್‌ನಿಂದ ಐದು ಸ್ಟಾರ್‌ವರೆಗೆ. ನಿಮಗೆ ವಾರಕ್ಕೆ ಇಷ್ಟು ಗಂಟೆ ಅಂತ ಕೊಡುತ್ತಾರೆ, ಅದನ್ನು ಹುಡುಗರಿಗೆ ಹಂಚಬೇಕು. ಮೆಸೇಜ್ ಕಳಿಸುವುದಕ್ಕೆ 10 ಗಂಟೆ, ಮನೆಯವರ ಹತ್ತಿರ, ಸ್ನೇಹಿತರ ಹತ್ತಿರ ಮಾತಾಡುವುದಕ್ಕೆ 25, ಏನಾದರಾಗಲಿ ಇವನೇ ಬೇಕು ಅಂತ ಎಲ್ಲವನ್ನೂ ಸುರಿಯುವುದಕ್ಕೆ 50. ದೊಡ್ಡ ಕಾಲೇಜಿಗೆ ಗಂಟೆ ಜಾಸ್ತಿ, ಸಣ್ಣದಕ್ಕೆ ಕಡಿಮೆ. ಕೆಂಟ್ ಹಿಡಿದರೆ ಮೊದಲ ವಾರದಲ್ಲೇ ನಿಮ್ಮ ಕೈ ಖಾಲಿ. ನಾಲ್ಕು ಸ್ಟಾರ್ ಹುಡುಗನ ಪಟ್ಟಿಯಲ್ಲಿ ನಿಮ್ಮ ಲೋಗೋ ಇರುವುದೇ ಇಲ್ಲ.

ಹಾಗಾಗಿ ಸಣ್ಣ ಟೀಮ್‌ನವರು ಮಾಡುವುದನ್ನೇ ನಾನೂ ಮಾಡಿದೆ. ಎರಡು ಸ್ಟಾರ್ ಹುಡುಗರನ್ನು ಸ್ಕೌಟ್ ಮಾಡುತ್ತಾ ಕೂತೆ. ಸ್ಕೌಟಿಂಗ್ ಮುಗಿದಾಗ ಕೆಲವರ ಹೆಸರಿನ ಪಕ್ಕ ಹಸಿರು ರತ್ನದ ಗುರುತು ಬರುತ್ತದೆ. ಅಂದರೆ ರ‍್ಯಾಂಕ್ ಪಟ್ಟಿ ಹೇಳಿದ್ದಕ್ಕಿಂತ ಈ ಹುಡುಗ ಗಟ್ಟಿ. ಅಂಥ ಒಬ್ಬ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು, ಒಹಾಯೋದಲ್ಲೇ ಸಿಕ್ಕಿದ. ಅವನಿಗೆ ಬೇರೆ ದೊಡ್ಡ ಆಫರ್ ಇರಲಿಲ್ಲ, ನನ್ನ ಹತ್ತಿರ ಆಡುವ ಅವಕಾಶ ಬೇಕಾದಷ್ಟಿತ್ತು. ಬಂದ. ಮೊದಲ ವರ್ಷ ಬೆಂಚ್, ಎರಡನೇ ವರ್ಷ ಅರ್ಧ ಪಂದ್ಯ, ಮೂರನೇ ವರ್ಷ ಅವನೇ ಟೀಮ್. ಡೈನಸ್ಟಿಯಲ್ಲಿ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ, ನಿಜವಾಗಿ.

ಆಮೇಲೆ ಅವನು ಹೋದ.

ಈ ಆವೃತ್ತಿಯಲ್ಲಿ ಪ್ರತಿ ಆಟಗಾರನಿಗೂ ಒಂದು ಡೀಲ್‌ಬ್ರೇಕರ್ ಇದೆ, ಅಂದರೆ ಇದು ಸಿಗದಿದ್ದರೆ ನಾನಿರುವುದಿಲ್ಲ ಅನ್ನುವ ಷರತ್ತು. ಮನೆ ಹತ್ತಿರ ಇರಬೇಕು, ಆಡಲು ಅವಕಾಶ ಸಿಗಬೇಕು, ಎನ್‌ಎಫ್‌ಎಲ್‌ಗೆ ಹೋಗುವ ದಾರಿ ಇರಬೇಕು, ಹೀಗೆ. ಹುಡುಗ ಬೆಳೆದಂತೆ ಅವನ ನಿರೀಕ್ಷೆಯೂ ಏರುತ್ತದೆ. ನನ್ನ ಹುಡುಗನದ್ದು ಬ್ರ್ಯಾಂಡ್ ಎಕ್ಸ್‌ಪೋಷರ್, ಅಂದರೆ ಹೆಸರು, ಪ್ರಚಾರ ಸಿಗಬೇಕು. ಕೆಂಟ್‌ಗೆ ಅದರಲ್ಲಿ ಸಿಕ್ಕಿರುವ ಗ್ರೇಡ್ ತೀರಾ ಕಡಿಮೆ, ಅದನ್ನು ಒಂದೆರಡು ವರ್ಷದಲ್ಲಿ ಮೇಲಕ್ಕೆತ್ತಲು ಆಗುವುದಿಲ್ಲ. ಸೀಸನ್ ಮುಗಿದ ತಕ್ಷಣ ‘ಹೊರಡುತ್ತಿರುವವರು’ ಅನ್ನುವ ಸ್ಕ್ರೀನ್‌ನಲ್ಲಿ ಅವನ ಹೆಸರು. ಮನವೊಲಿಸುವ ಬಟನ್ ಒತ್ತಿದೆ, ಕೇಳಲಿಲ್ಲ. ಮುಂದಿನ ಸೀಸನ್‌ನಲ್ಲಿ ಪೆನ್ ಸ್ಟೇಟ್‌ನ ಜೆರ್ಸಿ ಹಾಕಿಕೊಂಡು ನನ್ನ ಡಿಫೆನ್ಸ್ ಮೇಲೆಯೇ ಓಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಹೋಗುತ್ತಿದ್ದರು, ಹೋಗಬೇಕು ಕೂಡ. ಆದರೆ ಮ್ಯಾಕ್‌ನ ಕೋಚ್‌ಗಳು ಪ್ರತಿ ವರ್ಷ ನಿಜವಾಗಿ ಅನುಭವಿಸುತ್ತಿರುವುದು ಇದನ್ನೇ. ಹುಡುಕಿ, ತಿದ್ದಿ, ಬೆಳೆಸಿ, ಕೊನೆಗೆ ದೊಡ್ಡವರಿಗೆ ಬಿಟ್ಟುಕೊಡುವುದು. ಅದನ್ನು ಇಷ್ಟು ಚೆನ್ನಾಗಿ ಗೇಮ್‌ನಲ್ಲಿ ತಂದಿದ್ದಾರಲ್ಲ, ಅದಕ್ಕೆ ಪೂರ್ತಿ ಮಾರ್ಕ್ಸ್.

ಇನ್ನು ತಕರಾರು. ಈ ಇಡೀ ಡೈನಸ್ಟಿಯಲ್ಲಿ ಡಾಲರ್ ಅನ್ನುವುದು ಎಲ್ಲೂ ಕಾಣುವುದಿಲ್ಲ. ಗ್ರೇಡ್ ಇದೆ, ಗಂಟೆ ಇದೆ, ಪ್ರತಿಷ್ಠೆ ಇದೆ, ದುಡ್ಡಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದಿಷ್ಟು. ಅಮೆರಿಕದ ಕಾಲೇಜು ಆಟಗಾರರಿಗೆ ಸ್ಕಾಲರ್‌ಶಿಪ್ ಬಿಟ್ಟು ಬೇರೆ ದುಡ್ಡು ಮುಟ್ಟುವ ಹಾಗೇ ಇರಲಿಲ್ಲ. 2021ರ ಜುಲೈ 1ರಿಂದ ತಮ್ಮ ಹೆಸರು, ಮುಖ ಬಳಸಿಕೊಂಡು ಸಂಪಾದಿಸಬಹುದು ಅಂತಾಯಿತು. ಇದನ್ನೇ ಎನ್‌ಐಎಲ್ ಅನ್ನುತ್ತಾರೆ. ಅದೇ ವರ್ಷ, ಒಂದು ಸಲ ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕು ಅನ್ನುವ ನಿಯಮವೂ ಹೋಯಿತು. ಎರಡೂ ಒಟ್ಟಿಗೆ ಬಂದಿದ್ದರಿಂದ ಸಣ್ಣ ಕಾಲೇಜಿನ ಒಳ್ಳೆಯ ಆಟಗಾರನಿಗೆ ಪ್ರತಿ ಡಿಸೆಂಬರ್‌ನಲ್ಲೂ ಫೋನ್ ಬರಲು ಶುರುವಾಯಿತು. 2025ರ ಜೂನ್ 6ರಂದು ಜಡ್ಜ್ ಕ್ಲಾಡಿಯಾ ವಿಲ್ಕನ್, ಆಟಗಾರರು ದುಡ್ಡಿನ ವಿಷಯಕ್ಕೆ ಹಾಕಿದ್ದ ‘ಹೌಸ್’ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟ ಮೇಲೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಸಂಬಳದ ಹಾಗೆ ಕೊಡಬಹುದು. 2025-26ಕ್ಕೆ ಒಂದು ಕಾಲೇಜಿಗೆ ಮಿತಿ 2.05 ಕೋಟಿ ಡಾಲರ್.

ಈ ಸಂಖ್ಯೆಯನ್ನು ಮ್ಯಾಕ್‌ನ ಪಕ್ಕ ಇಟ್ಟು ನೋಡಿ. ಅಲ್ಲಿನ ಬಹಳಷ್ಟು ಕಾಲೇಜುಗಳ ಇಡೀ ಕ್ರೀಡಾ ಬಜೆಟ್ಟೇ 3-4 ಕೋಟಿ ಡಾಲರ್ ಆಸುಪಾಸು. ಎಲ್ಲ ಆಟ, ಎಲ್ಲ ಕೋಚ್, ಬಸ್ಸು, ಊಟ, ಸ್ಕಾಲರ್‌ಶಿಪ್ ಎಲ್ಲ ಸೇರಿ. ಅದರಲ್ಲೂ ದೊಡ್ಡ ಪಾಲು ಟಿಕೆಟ್‌ನಿಂದಲೋ ಟಿವಿಯಿಂದಲೋ ಬರುವುದಲ್ಲ, ಯೂನಿವರ್ಸಿಟಿಯ ಕಿಸೆಯಿಂದ ಮತ್ತು ವಿದ್ಯಾರ್ಥಿಗಳು ಕಟ್ಟುವ ಫೀಸಿನಿಂದ ಬರುವುದು. ಒಹಾಯೋದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಓದಿದವರು ನಿಮ್ಮ ಹಳೇ ಫೀ ಬಿಲ್ ತೆಗೆದು ನೋಡಿ, ‘ಜನರಲ್ ಫೀ’ ಅಂತ ಒಂದು ಸಾಲು ಇರುತ್ತದೆ. ಅದರ ಒಂದು ಭಾಗ ಕ್ರೀಡೆಗೆ ಹೋಗುತ್ತದೆ. ಫುಟ್ಬಾಲ್‌ನ ಒಂದು ನಿಯಮವೂ ಗೊತ್ತಿಲ್ಲದೆ ಲ್ಯಾಬ್‌ನಲ್ಲೇ ಎರಡು ವರ್ಷ ಕಳೆದ ನಮ್ಮ ಹುಡುಗ ಹುಡುಗಿಯರೂ ಆ ಟೀಮನ್ನು ಸಾಕಿದ್ದಾರೆ. ಅದೇ ರಾಜ್ಯದ ಒಹಾಯೋ ಸ್ಟೇಟ್ ಇರುವ ಬಿಗ್ ಟೆನ್ ಕಾನ್ಫರೆನ್ಸ್ 2022ರಲ್ಲಿ ಮಾಡಿಕೊಂಡ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೇಲೆ.

ಗೇಮ್‌ನಲ್ಲಿ ಇದನ್ನು ತೋರಿಸದೆ ಇರುವುದರಿಂದ ಒಂದು ವಿಷಯವಂತೂ ಪೂರ್ತಿ ತಪ್ಪಾಗಿ ಕಾಣುತ್ತದೆ. ಸೀಸನ್ ಶುರುವಿನ ಪಂದ್ಯಗಳು. 2024ರ ಸೆಪ್ಟೆಂಬರ್‌ನಲ್ಲಿ ಕೆಂಟ್ ಸ್ಟೇಟ್ ಟೆನೆಸ್ಸೀಗೆ ಹೋಗಿ 71-0 ಅಂತ ಸೋತಿತು. ಮುಂದಿನ ವಾರ ಪೆನ್ ಸ್ಟೇಟ್‌ಗೆ ಹೋಗಿ 56-0. ಗೇಮ್‌ನಲ್ಲಿ ಇಂಥ ಪಂದ್ಯ ಬಂದರೆ ಯಾರಾದರೂ ಏನು ಮಾಡುತ್ತಾರೆ? ಶೆಡ್ಯೂಲ್ ಎಡಿಟ್ ಮಾಡಿ ತೆಗೆದುಹಾಕುತ್ತಾರೆ. ನಾನೂ ತೆಗೆದೆ. ನಿಜದಲ್ಲಿ ಆ ಕಾಲೇಜಿಗೆ ಹಾಗೆ ತೆಗೆಯಲು ಆಗುವುದಿಲ್ಲ, ಯಾಕೆಂದರೆ ಅದು ಗ್ಯಾರಂಟಿ ಗೇಮ್. ದೊಡ್ಡ ಟೀಮ್ ದುಡ್ಡು ಕೊಟ್ಟು ಸಣ್ಣ ಟೀಮನ್ನು ತನ್ನ ಮನೆಗೆ ಕರೆಸಿಕೊಳ್ಳುತ್ತದೆ, ಸಣ್ಣ ಟೀಮ್ ಹೊಡೆಸಿಕೊಂಡು ಚೆಕ್ ತಗೊಂಡು ಬರುತ್ತದೆ. ಆ ಚೆಕ್‌ನಿಂದ ಉಳಿದ ಆಟಗಳು ನಡೆಯಬೇಕು. 19-20ರ ಹುಡುಗರು ತಮಗಿಂತ ಹೆಚ್ಚು ತೂಕದ, ತಮಗಿಂತ ಎಷ್ಟೋ ಚೆನ್ನಾಗಿ ತಿಂದು ತರಬೇತಿ ಪಡೆದವರ ಎದುರು ನಾಲ್ಕು ಕ್ವಾರ್ಟರ್ ಏಟು ತಿಂದು ಬಂದು ತಮ್ಮ ಕಾಲೇಜಿನ ಈಜು, ಓಟದ ಟೀಮ್‌ಗಳನ್ನು ಉಳಿಸುತ್ತಾರೆ. ಇದು ನನಗೆ ಬೇಜಾರಿನ ವಿಷಯ.

ಅಪರೂಪಕ್ಕೆ ಉಲ್ಟಾ ಆಗುತ್ತದೆ. 2024ರ ಸೆಪ್ಟೆಂಬರ್ 7ರಂದು ಮ್ಯಾಕ್‌ನ ನಾರ್ದರ್ನ್ ಇಲಿನಾಯ್ ಟೀಮ್ 14 ಲಕ್ಷ ಡಾಲರ್‌ಗೆ ನೋಟರ್‌ಡೇಮ್‌ಗೆ ಹೋಯಿತು. ಆಗ ನೋಟರ್‌ಡೇಮ್ ದೇಶಕ್ಕೆ ಐದನೇ ರ‍್ಯಾಂಕ್. ನಾರ್ದರ್ನ್ ಇಲಿನಾಯ್ 16-14ರಿಂದ ಗೆದ್ದು, ಚೆಕ್ಕೂ ತಗೊಂಡು ಮನೆಗೆ ಬಂತು. ಸೋತ ನೋಟರ್‌ಡೇಮ್ ಆ ವರ್ಷ ಫೈನಲ್‌ವರೆಗೂ ಹೋಯಿತು ಅಂದರೆ ಆ ಗೆಲುವಿನ ತೂಕ ನೋಡಿ. ಪಂದ್ಯ ಮುಗಿದಾಗ ಅವರ ಕೋಚ್ ಥಾಮಸ್ ಹ್ಯಾಮಕ್ ಕ್ಯಾಮೆರಾ ಮುಂದೆ ಅತ್ತುಬಿಟ್ಟರು. ಗೇಮ್‌ನಲ್ಲಿ ನೀವು ಇಂಥ ಪಂದ್ಯ ಗೆದ್ದರೆ ಕಾಮೆಂಟೇಟರ್ ಕೂಗುತ್ತಾರೆ, ಪ್ರತಿಷ್ಠೆ ಒಂಚೂರು ಏರುತ್ತದೆ, ಅಷ್ಟೇ. ಒಂದು ಬಜೆಟ್ ಸ್ಕ್ರೀನ್ ಇಟ್ಟಿದ್ದರೆ ಆ ಗೆಲುವಿನ ಅರ್ಥವೇ ಬೇರೆ ಇರುತ್ತಿತ್ತು.

ಇಷ್ಟು ಹೇಳಿದ ಮೇಲೆ, ಈ ಗೇಮ್ ಹೊರಗಡೆ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನೂ ಹೇಳಲೇಬೇಕು. ಹಿಂದಿನ ಆವೃತ್ತಿ, ಅಂದರೆ 25, ಬಂದಾಗ ಒಪ್ಪಿಗೆ ಕೊಟ್ಟ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಒಂದು ಗೇಮ್ ಪ್ರತಿ ಕೊಟ್ಟರು. ಈ ಸಲ ಅದು 1500 ಡಾಲರ್‌ಗೆ ಏರಿದೆ. ಮುಖ್ಯ ವಿಷಯ ಏನೆಂದರೆ ಇದು ಎಲ್ಲರಿಗೂ ಸಮ. ಮುಖಪುಟದಲ್ಲಿರುವವರಿಗೆ ಅದಕ್ಕೆ ಬೇರೆ ಒಪ್ಪಂದ ಇರುತ್ತದೆ, ಆದರೆ ಗೇಮ್ ಒಳಗೆ ಇರುವುದಕ್ಕೆ ಟೆಕ್ಸಸ್‌ನ ಸ್ಟಾರ್ ಕ್ವಾರ್ಟರ್‌ಬ್ಯಾಕ್‌ಗೂ ಕೆಂಟ್‌ನಲ್ಲಿ ಮೂರನೇ ಸಾಲಿನಲ್ಲಿ ಕೂತಿರುವ ಲೈನ್‌ಮನ್‌ಗೂ ಒಂದೇ ಮೊತ್ತ. ಕೋಟಿ ಎಣಿಸುವ ಹುಡುಗನಿಗೆ ಅದು ಲೆಕ್ಕಕ್ಕಿಲ್ಲ. ಆ ಲೈನ್‌ಮನ್‌ಗೆ ಬಹುಶಃ ಎನ್‌ಐಎಲ್ ಅಂತ ಬರುವ ದೊಡ್ಡ ಮೊತ್ತವೇ ಅದು. ಕಡಿಮೆ ಕೊಟ್ಟರು ಅಂತ ಬೈದವರಿದ್ದಾರೆ, ಅವರ ಮಾತಿನಲ್ಲೂ ನ್ಯಾಯ ಇದೆ, ಗೇಮ್ ಮಾರಾಟ ನೋಡಿದರೆ ಇನ್ನೂ ಜಾಸ್ತಿ ಕೊಡಬಹುದಿತ್ತು. ಆದರೂ ಸಮವಾಗಿ ಹಂಚಿದ್ದು ನನಗೆ ಹಿಡಿಸಿತು.

ಕಾಲೇಜುಗಳಿಗೆ ಹಂಚಿದ್ದು ಹಾಗಲ್ಲ. 25ನೇ ಆವೃತ್ತಿಗೆ ಹಿಂದಿನ ಹತ್ತು ವರ್ಷದಲ್ಲಿ ಎಷ್ಟು ಸಲ ದೇಶದ ಟಾಪ್ 25 ಟೀಮ್‌ಗಳಲ್ಲಿ ಸೀಸನ್ ಮುಗಿಸಿದ್ದೀರಿ ಅಂತ ನೋಡಿ ನಾಲ್ಕು ದರ್ಜೆ ಮಾಡಿದ್ದರು. ಮೇಲಿನ ದರ್ಜೆಗೆ ಹತ್ತಿರ ಹತ್ತಿರ 1 ಲಕ್ಷ ಡಾಲರ್, ಕೆಳಗಿನ ದರ್ಜೆಗೆ ಹತ್ತಿರ ಹತ್ತಿರ 10 ಸಾವಿರ. ಇದ್ದವರಿಗೇ ಇನ್ನಷ್ಟು.

ಮತ್ತೆ 85ರ ಮಿತಿ. ಗೇಮ್‌ನಲ್ಲಿ ಒಂದು ಟೀಮ್‌ಗೆ 85 ಆಟಗಾರರು. ನಿಜವಾದ ಟೀಮ್‌ನಲ್ಲಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಸ್ಕಾಲರ್‌ಶಿಪ್ ಇಲ್ಲದೆ, ತಮ್ಮ ಫೀಸು ತಾವೇ ಕಟ್ಟಿಕೊಂಡು, ಬೆಳಗ್ಗೆ ಐದಕ್ಕೆ ಎದ್ದು ಪ್ರಾಕ್ಟೀಸ್‌ಗೆ ಬಂದು ಸ್ಟಾರ್ ಆಟಗಾರರ ಕೈಲಿ ಗುದ್ದಿಸಿಕೊಳ್ಳುವವರು. ವಾಕ್-ಆನ್ ಅಂತ ಕರೆಯುತ್ತಾರೆ. 85ರ ಆಚೆ ಇರುವವರಿಗೆ ಗೇಮ್‌ನಲ್ಲಿ ಮುಖವೂ ಇಲ್ಲ, ಚೆಕ್ಕೂ ಇಲ್ಲ. ಹೌಸ್ ರಾಜಿಯಲ್ಲೂ ಮೊದಲು ಏಟು ಬಿದ್ದಿದ್ದು ಇವರಿಗೇ. ಅದರ ಪ್ರಕಾರ ಫುಟ್ಬಾಲ್ ಟೀಮ್‌ಗೆ 105 ಜನರ ಮಿತಿ ಬಂತು, ಬೇರೆ ಆಟಗಳಿಗೂ ಇಂಥದ್ದೇ ಮಿತಿ. ಆಜ್ಞೆ ಬರುವ ಮೊದಲೇ ಕಾಲೇಜುಗಳು ಹುಡುಗರನ್ನು ಬಿಟ್ಟುಬಿಟ್ಟವು. ಹೀಗೆ ಹೊರಬಿದ್ದವರಿಗೆ ಏನಾದರೂ ದಾರಿ ಮಾಡಿ, ಇಲ್ಲದಿದ್ದರೆ ರಾಜಿಗೆ ಒಪ್ಪಿಗೆ ಇಲ್ಲ ಅಂತ ಜಡ್ಜ್ ವಿಲ್ಕನ್ 2025ರ ಏಪ್ರಿಲ್‌ನಲ್ಲಿ ತಡೆದರು. ಆಮೇಲೆ ಅವರನ್ನು ಮಿತಿಯ ಲೆಕ್ಕಕ್ಕೆ ಹಿಡಿಯಬಾರದು ಅಂತ ಸೇರಿಸಿದರು. ಇದೇ ಜಡ್ಜ್ 2014ರಲ್ಲಿ ಎಡ್ ಓಬ್ಯಾನನ್ ಕೇಸಿನ ತೀರ್ಪು ಕೊಟ್ಟವರು. ಓಬ್ಯಾನನ್ ಯುಸಿಎಲ್‌ಎಯ ಬಾಸ್ಕೆಟ್‌ಬಾಲ್ ಆಟಗಾರ. ಸ್ನೇಹಿತನ ಮನೆಯಲ್ಲಿ ಇಎ ಗೇಮ್ ಒಂದರಲ್ಲಿ ತನ್ನದೇ ಎತ್ತರ, ತನ್ನದೇ ನಂಬರ್, ತನ್ನದೇ ಎಡಗೈ ಆಟ ನೋಡಿ, ನನಗೆ ಒಂದು ಪೈಸೆಯೂ ಕೊಟ್ಟಿಲ್ಲವಲ್ಲ ಅಂತ 2009ರಲ್ಲಿ ಕೋರ್ಟಿಗೆ ಹೋದವರು. ಆ ಕೇಸಿನಿಂದಲೇ 2013ರ ನಂತರ ಈ ಗೇಮ್ 11 ವರ್ಷ ಬರಲಿಲ್ಲ. ಹಾಗಾಗಿ ಇವತ್ತು ಆಟಗಾರರ ನಿಜವಾದ ಹೆಸರಿನಲ್ಲಿ ನಾವು ಆಡುತ್ತಿರುವುದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಬೇಕು.

ಇನ್ನೊಂದು ಮಾತು, ಇದು ಗೇಮ್‌ನ ತಪ್ಪು ಅಂತ ಹೇಳುತ್ತಿಲ್ಲ, ಆದರೆ ಹೇಳದೆ ಇರಲಾಗುವುದಿಲ್ಲ. ಡೈನಸ್ಟಿ ಆಡುವಾಗ ಕಾಲೇಜು ಅಂದರೆ ಫುಟ್ಬಾಲ್ ಮಾತ್ರ ಅನ್ನಿಸಿಬಿಡುತ್ತದೆ. ಕ್ಯಾಂಪಸ್‌ನಲ್ಲಿ ಬೇರೆ ಆಟ ಆಡುವವರೇ ಇಲ್ಲ. ಇದೇ ಕೆಂಟ್ ಸ್ಟೇಟ್‌ನಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಒಂದು ಘಟನೆ ನಡೆಯಿತು. ಮೇನ್ ಮತ್ತು ಟೆಂಪಲ್ ಯೂನಿವರ್ಸಿಟಿಯ ಹುಡುಗಿಯರು ಅಲ್ಲಿ ಹಾಕಿ ಪಂದ್ಯ ಆಡುತ್ತಿದ್ದರು. ನಮ್ಮ ಕೊಡಗಿನವರು ಆಡುವ ಅದೇ ಹಾಕಿ, ಅಮೆರಿಕದ ಕಾಲೇಜುಗಳಲ್ಲಿ ಅದನ್ನು ಹುಡುಗಿಯರೇ ಆಡುವುದು. ಗೋಲಿಲ್ಲದೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಅಷ್ಟರಲ್ಲಿ ಪಂದ್ಯ ನಿಲ್ಲಿಸಿ ಅಂದರು. ಯಾಕೆ? ಪಕ್ಕದಲ್ಲಿ ಮಧ್ಯಾಹ್ನ ಫುಟ್ಬಾಲ್ ಪಂದ್ಯ ಇತ್ತು, ಅದರ ಪಟಾಕಿಗೆ ತಯಾರಿ ಮಾಡಬೇಕಿತ್ತು. ಗಂಟೆಗಟ್ಟಲೆ ಬಸ್ಸಿನಲ್ಲಿ ಕೂತು ಬಂದು ಮೈ ಬೆವರಿಳಿಸಿ ಆಡುತ್ತಿದ್ದ ಹುಡುಗಿಯರು ಗೆಲುವೂ ಇಲ್ಲದೆ ಸೋಲೂ ಇಲ್ಲದೆ ಮೈದಾನದಿಂದ ಹೊರಗೆ ಬಂದರು. ಕಾಲೇಜು ಆಮೇಲೆ ವಿಷಾದ ವ್ಯಕ್ತಪಡಿಸಿತು. ನನಗೆ ಮಾತ್ರ ಅದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಪಟಾಕಿಗೆ ಒಂದು ಪಂದ್ಯ ಹೋಯಿತು, ದುಡ್ಡಿಗೆ ಟೀಮ್‌ಗಳೇ ಹೋಗುತ್ತಿವೆ. 2020ರ ಮೇ ತಿಂಗಳಲ್ಲಿ, ಕೋವಿಡ್ ಶುರುವಿನಲ್ಲಿ, ಕೆಂಟ್‌ನ ಪಕ್ಕದೂರಿನ ಆಕ್ರನ್ ಯೂನಿವರ್ಸಿಟಿ ಪುರುಷರ ಗಾಲ್ಫ್, ಪುರುಷರ ಕ್ರಾಸ್ ಕಂಟ್ರಿ, ಮಹಿಳೆಯರ ಟೆನಿಸ್ ನಿಲ್ಲಿಸಿತು. ಫುಟ್ಬಾಲ್ ಉಳಿಯಿತು. ಬೌಲಿಂಗ್ ಗ್ರೀನ್ ಯೂನಿವರ್ಸಿಟಿ ಬೇಸ್‌ಬಾಲ್ ನಿಲ್ಲಿಸಿತು, ಹಳೆಯ ಆಟಗಾರರೆಲ್ಲ ಸೇರಿ ದುಡ್ಡು ಎತ್ತಿ ಕೆಲವೇ ವಾರದಲ್ಲಿ ವಾಪಸ್ ತಂದರು. 2025ರಲ್ಲಿ ಹೌಸ್ ರಾಜಿ ಬರುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಯೂನಿವರ್ಸಿಟಿ ಈಜು ಟೀಮ್ ನಿಲ್ಲಿಸಿತು, ಟೆಕ್ಸಸ್‌ನ ಯುಟಿಇಪಿ ಮಹಿಳೆಯರ ಟೆನಿಸ್ ನಿಲ್ಲಿಸಿತು. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಮಾರ್ಚ್‌ನಲ್ಲಿ ಬಾಸ್ಕೆಟ್‌ಬಾಲ್‌ನ ದೊಡ್ಡ ಟೂರ್ನಮೆಂಟ್‌ಗೆ ಹೋಗಿಬಂದ ಒಂದೇ ವಾರಕ್ಕೆ, ನಾವು ಮೇಲಿನ ಹಂತವಾದ ಡಿವಿಷನ್ 1 ಬಿಟ್ಟು ಕೆಳಗಿನ ಡಿವಿಷನ್ 3ಕ್ಕೆ ಇಳಿಯುತ್ತೇವೆ ಅಂತ ಘೋಷಿಸಿತು. ಆ ರಾಜಿಯಲ್ಲಿ ಹಳೆಯ ಆಟಗಾರರಿಗೆ ಕೊಡಬೇಕಾದ 280 ಕೋಟಿ ಡಾಲರ್‌ನ ಒಂದು ಭಾಗಕ್ಕೆ, ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ, ಎಲ್ಲ ಡಿವಿಷನ್ 1 ಕಾಲೇಜುಗಳ ಪಾಲಿನಿಂದಲೂ ಮುರಿದುಕೊಳ್ಳುತ್ತಿದೆ, ಹತ್ತು ವರ್ಷ. ದೊಡ್ಡ ಫುಟ್ಬಾಲ್ ಟೀಮ್ ಇಲ್ಲದ ಕಾಲೇಜಿಗೂ ಈ ಕಡಿತ ತಪ್ಪಿದ್ದಲ್ಲ. ಆದರೆ ಪರಿಹಾರದ ಮುಕ್ಕಾಲು ಭಾಗ ಹೋಗುವುದು ಫುಟ್ಬಾಲ್‌ನವರಿಗೆ.

ನಮ್ಮವರು ಅಮೆರಿಕಕ್ಕೆ ಆಡಲು ಬರುವುದು ಇದೇ ಸಣ್ಣ ಆಟಗಳ ಬಾಗಿಲಿನಿಂದ ಅಲ್ವಾ. ಸೋಮದೇವ್ ದೇವವರ್ಮನ್ ವರ್ಜೀನಿಯಾ ಯೂನಿವರ್ಸಿಟಿಗೆ ಆಡಿ 2007 ಮತ್ತು 2008ರಲ್ಲಿ ಕಾಲೇಜು ಟೆನಿಸ್ ಚಾಂಪಿಯನ್ ಆದರು. ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿದ್ದಾಗ ಹೈಜಂಪ್ ಗೆದ್ದರು. ಬೆಂಗಳೂರಿನಲ್ಲಿ ಬೆಳಗ್ಗೆ ನಾಲ್ಕೂವರೆಗೆ ಮಗಳನ್ನು ಎಬ್ಬಿಸಿ ಈಜುಕೊಳಕ್ಕೋ ಟೆನಿಸ್ ಕೋರ್ಟಿಗೋ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರ ತಲೆಯಲ್ಲೂ ಒಂದು ಸ್ಕಾಲರ್‌ಶಿಪ್ ಲೆಕ್ಕ ಇರುತ್ತದೆ. ಮುಚ್ಚುತ್ತಿರುವುದು ಅಂಥ ಟೀಮ್‌ಗಳೇ. ಟೀಮ್ ಉಳಿದರೂ, ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಎನ್‌ಐಎಲ್ ದುಡ್ಡು ಸಂಪಾದಿಸಲು ಹೋದರೆ ಕೆಲಸದ ನಿಯಮ ಅಡ್ಡ ಬರುತ್ತದೆ. ಸಿಪಿಟಿ, ಒಪಿಟಿ ಅಂತ ಕೆಲಸದ ಅನುಮತಿಗೆ ತಲೆ ಕೆಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೇಮ್‌ಗೆ ವಾಪಸ್. ಮೈದಾನದಲ್ಲಿ ಆಟ ಚುರುಕಾಗಿದೆ. ದೊಡ್ಡ ಸ್ಟೇಡಿಯಂಗೆ ಸಣ್ಣ ಟೀಮ್ ತಗೊಂಡು ಹೋದರೆ ಜನರ ಗದ್ದಲಕ್ಕೆ ಸ್ಕ್ರೀನ್ ನಡುಗುತ್ತದೆ, ನಿಮ್ಮ ಆಟಗಾರರು ಓಡಬೇಕಾದ ಗೆರೆಗಳು ಅಲುಗಾಡುತ್ತವೆ. ತುಂಬಾ ಚೆನ್ನಾಗಿ ಮಾಡಿದ್ದಾರೆ. ನಿಜವಾದ ಕೋಚ್‌ಗಳನ್ನು ಸೇರಿಸಿದ್ದು ಈ ಆವೃತ್ತಿಯ ದೊಡ್ಡ ಸುಧಾರಣೆ. ಅಲ್ಟಿಮೇಟ್ ಟೀಮ್ ಮೋಡ್ ಮಾತ್ರ ಮುಟ್ಟಬೇಡಿ. ಪ್ಯಾಕ್ ಕೊಂಡು ಸ್ಟಾರ್‌ಗಳನ್ನು ಗುಡ್ಡೆ ಹಾಕಿಕೊಳ್ಳುವ ಮೋಡ್ ಅದು, 70 ಡಾಲರ್ ಕೊಟ್ಟ ಮೇಲೆ ಮತ್ತೆ ಕೈಬಿಚ್ಚಿಸುತ್ತದೆ. ಮಕ್ಕಳಿಗೆ ಕೊಡಿಸುವವರು ಸ್ಟೋರ್‌ನಲ್ಲಿ ಖರ್ಚಿಗೆ ಲಾಕ್ ಹಾಕಿಯೇ ಕೊಡಿ.

25 ಈಗಾಗಲೇ ಇದ್ದು ಬರೀ ದೊಡ್ಡ ಟೀಮ್ ಆಡುವವರಾದರೆ ಇದನ್ನು ಪೂರ್ತಿ ಬೆಲೆಗೆ ಕೊಳ್ಳುವ ಅವಸರ ಬೇಡ, ಸೇಲ್‌ಗೆ ಕಾಯಿರಿ. ಡೈನಸ್ಟಿ ಇಷ್ಟಪಡುವವರಿಗೆ ಡೀಲ್‌ಬ್ರೇಕರ್ ಒಂದಕ್ಕೇ ಬೆಲೆ ಸಲ್ಲುತ್ತದೆ. ನನ್ನ ಪ್ರಕಾರ ಐದಕ್ಕೆ ನಾಲ್ಕು. ಆ ಒಂದನ್ನು ಇಎಯವರು ಡೈನಸ್ಟಿಗೆ ಬಜೆಟ್ ತಂದ ದಿನ ಕೊಡುತ್ತೇನೆ, ಗ್ಯಾರಂಟಿ ಗೇಮ್‌ನ ಚೆಕ್ಕೂ, ಈಜು ಟೀಮ್‌ನ ಖರ್ಚೂ ಒಂದೇ ಸ್ಕ್ರೀನ್‌ನಲ್ಲಿ ಕಾಣುವ ಹಾಗೆ. ಹೊಸದಾಗಿ ಶುರು ಮಾಡುವವರು ಮೊದಲ ಡೈನಸ್ಟಿಗೆ ಆಕ್ರನ್, ಕೆಂಟ್, ಬಾಲ್ ಸ್ಟೇಟ್, ಯಾವುದಾದರೂ ಮ್ಯಾಕ್ ಟೀಮ್ ತಗೊಳ್ಳಿ. ನೀವು ಓದಿದ ಯೂನಿವರ್ಸಿಟಿ 136ರಲ್ಲಿ ಇದ್ದರಂತೂ ಅದನ್ನೇ ತಗೊಳ್ಳಿ, ಫೀಸು ಕಟ್ಟಿದ್ದೀರಿ.